ಕಪ್ಪು ಕೋಟಿಗೆ ಹಸಿರು ದಾರ

ನಮ್ಮ ಕೇಂದ್ರಕ್ಕೆ ಬರುವ ಮನೆಯಿಲ್ಲದವರೆಲ್ಲ ಅವಳನ್ನು ಅಂಕದಕ್ಕ ಎಂದೇ ಕರೆಯುತ್ತಾರೆ. ಎದುರು ಕೂತವರಿಗೆ ಇಪ್ಪತ್ತೆರಡು ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕ ಅಂಕ ಹಾಕುವುದೇ ಅವಳ ಕೆಲಸ. ಎಲ್ಲಿ ಮಲಗುತ್ತೀರಿ, ಯಾರಾದರೂ ಹೊಡೆದಿದ್ದಾರಾ, ಏನು ಕಾಯಿಲೆ. ಕಷ್ಟ ಹೆಚ್ಚಿದಷ್ಟೂ ಅಂಕ ಹೆಚ್ಚು. ಹನ್ನೆರಡು ದಾಟಿದರೆ ಬಾಗಿಲು, ಬೀಗ, ಕಿಟಕಿ ಇರುವ ಒಂದು ಕೋಣೆ. ದಾಟದಿದ್ದರೆ ಮತ್ತೆ ಬೀದಿ. ಬದುಕಿನಲ್ಲಿ ಸೋತವರೇ ಪಾಸಾಗುವ ಪರೀಕ್ಷೆ ಪ್ರಪಂಚದಲ್ಲಿ ಇದೊಂದೇ ಇರಬೇಕು. ಆದರೆ ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಕೂತವರಿಗೆ ಹೇಳಕೂಡದು. ಅದು ಮೇಲಿನವರ ನಿಯಮ.

ನಾನು ಅಲ್ಲಿಗೆ ಮಂಗಳವಾರ ಮಾತ್ರ ಹೋಗುವವನು, ಕಣ್ಣು ಪರೀಕ್ಷೆಗೆ. ದೃಷ್ಟಿ ತೀರಾ ಮಂದವಾಗಿದ್ದರೆ ಎಂಟು ಅಂಕ, ಅದನ್ನು ಬರೆಯುವ ಅಧಿಕಾರ ನನ್ನದು. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಅಂಕದಕ್ಕ 'ಡಾಕ್ಟ್ರೇ' ಎಂದು ರೇಗಿಸುವುದನ್ನು ಬಿಟ್ಟಿಲ್ಲ.

ಎಂಟು ವರ್ಷದಿಂದ ಅವಳದು ಒಂದು ಕಾಲು ಕುಂಟುವ ಅದೇ ಮೇಜು. ಬಂದವರಿಗೆ ಮೊದಲು ಒಂದು ಲೋಟ ನೀರು, ಆಮೇಲೆ ಪೆನ್ನು. "ಪೆನ್ನು ಕಂಡ್ರೆ ಜನರ ಬಾಯಿ ಕಟ್ಟುತ್ತೆ" ಎನ್ನುತ್ತಾಳೆ. ಅವಳು ಕೇಳಿದರೆ ಕಲ್ಲೂ ಮಾತಾಡೀತು. ಮನೆಯಲ್ಲಿ ಅತ್ತೆ ಮಾತ್ರ ಇವಳ ಪ್ರಶ್ನೆಗಳಿಗೆ ಸೊಪ್ಪು ಹಾಕುವುದಿಲ್ಲವಂತೆ.

ಒಂದು ಮಂಗಳವಾರ ಉಳಿದಿದ್ದದ್ದು ನೆಲಮಹಡಿಯ ಒಂದೇ ಕೋಣೆ. ಸಂಜೆ ಐದಕ್ಕೆ ಪಟ್ಟಿ ಮೇಲಿನವರಿಗೆ ಹೋಗಬೇಕು. ಕೊನೆಗೆ ಬಂದವರು ಒಬ್ಬ ಮುದುಕ ದರ್ಜಿ. ನಲವತ್ತು ವರ್ಷ ಕೋಟು ಹೊಲಿದವರು. ಅಂಗಡಿ ಕೆಡವಿದ ಮೇಲೆ ಗ್ರಂಥಾಲಯದ ಮೆಟ್ಟಿಲೇ ಮನೆ. ಸರದಿಗಾಗಿ ಮೂರು ವಾರ ನಮ್ಮ ಬೆಂಚಿನ ಮೇಲೆ ಕಾದಿದ್ದರು.

"ಊಟಕ್ಕೇನು ಮಾಡ್ತೀರಿ ಯಜಮಾನ್ರೇ?"

"ಏನೂ ತೊಂದ್ರೆ ಇಲ್ಲಮ್ಮ."

"ರಾತ್ರಿ ಯಾರಾದ್ರೂ ಕಾಟ ಕೊಡ್ತಾರಾ?"

"ನನ್ನ ತಂಟೆಗೆ ಯಾರು ಬರ್ತಾರೆ? ಗಟ್ಟಿಯಾಗಿದೀನಿ."

ಹೀಗೇ ಇಪ್ಪತ್ತೆರಡೂ ಮುಗಿದವು. ಐದು ಅಂಕ. ಅಂಕದಕ್ಕನ ಮುಖ ಸಣ್ಣಗಾಯಿತು.

ಆಮೇಲೆ ನನ್ನ ಸರದಿ. ಗೋಡೆಯ ಅಕ್ಷರದ ಪಟವನ್ನು ಅವರು ಮೇಲಿಂದ ಕೆಳಕ್ಕೆ ನೀರು ಕುಡಿದಂತೆ ಓದಿದರು, ಕೊನೆಯ ಇರುವೆಗಾತ್ರದ ಸಾಲನ್ನೂ. ಕನ್ನಡಕವಿಲ್ಲದೆ ನಾನೂ ಅದನ್ನು ಓದಲಾರೆ. ಮೆಚ್ಚಿ 'ದೃಷ್ಟಿ ಚೆನ್ನಾಗಿದೆ' ಎಂದು ಬರೆದು ರುಜು ಹಾಕಿದೆ.

ಅಂಕದಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಡಾಕ್ಟ್ರೇ, ಅವರ ಕೋಟಿನ ಕೆಳಗಿನ ಗುಂಡಿ ನೋಡಿದ್ರಾ?"

"ಕಣ್ಣು ನೋಡೋದು ನನ್ನ ಕೆಲಸ, ಗುಂಡಿ ಅಲ್ಲ."

"ಕಪ್ಪು ಕೋಟಿಗೆ ಹಸಿರು ದಾರ. ನಲವತ್ತು ವರ್ಷ ಹೊಲಿದೋರು ಹಾಗೆ ಹಾಕ್ತಾರಾ? ಬೇರೆ ಪಟ ಹಾಕಿ."

ನನಗೆ ಮೂಗಿನ ತುದಿಗೆ ಕೋಪ ಬಂತು. ಆದರೂ ಚೀಲದಲ್ಲಿದ್ದ ಬೇರೆ ಪಟಗಳಲ್ಲಿ ಒಂದನ್ನು ತೂಗುಹಾಕಿದೆ. ದರ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಶುರುಮಾಡಿದರು. ಹಳೆಯ ಪಟದ್ದೇ ಅಕ್ಷರಗಳು, ಒಂದೂ ತಪ್ಪದ ಗಿಣಿಪಾಠ. ಬೆಂಚು ನನ್ನ ಪಟದ ಪಕ್ಕದಲ್ಲೇ ಇದೆ. ಮೂರು ವಾರ ಬೇರೆಯವರು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದರು. ಹನ್ನೊಂದು ವರ್ಷದಿಂದ ಆ ಪಟ ಬದಲಿಸದಿದ್ದವನು ನಾನೇ.

ಅಂಕದಕ್ಕ ಅವರ ಪಕ್ಕ ಬಂದು ಕೂತಳು. "ಯಜಮಾನ್ರೇ, ಪಟ ಬದಲಾಗಿದೆ."

ಅವರು ಪಟದಿಂದ ಮುಖ ಅವಳ ಕಡೆಗೆ ತಿರುಗಿಸಿದರು. "ಚೆನ್ನಾಗಿ ಓದಿದ್ರೆ ಕೋಣೆ ಕೊಡ್ತೀರ ಅಂದ್ಕೊಂಡೆ ತಾಯಿ. ಎಲ್ಲಾ ಕಡೆ ಹಾಗೇ ತಾನೆ? ಕೈಲಾಗದೋನಿಗೆ ಯಾರು ಏನು ಕೊಡ್ತಾರೆ? ಪ್ರಶ್ನೆಗೂ ಅದಕ್ಕೇ ಹಾಗೆ ಹೇಳಿದ್ದು."

ಒಮ್ಮೆ ಕೇಳಿದ ಪ್ರಶ್ನೆಗಳನ್ನು ಆರು ತಿಂಗಳು ಮತ್ತೆ ಕೇಳುವಂತಿಲ್ಲ, ಅದೂ ನಿಯಮ. ಕಣ್ಣಿನ ಸಾಲನ್ನು ಮಾತ್ರ ನಾನು ತಿದ್ದಬಹುದು, ಅದೂ 'ಪರೀಕ್ಷೆ ತಪ್ಪಾಗಿ ಮಾಡಿದ್ದೆ' ಎಂದು ಬರೆದುಕೊಟ್ಟರೆ. ಇಪ್ಪತ್ತೇಳು ವರ್ಷದ ಕೆಲಸದಲ್ಲಿ ನಾನು ಬರೆದದ್ದನ್ನು ಒಂದು ಸಲವೂ ಹೊಡೆದುಹಾಕಿರಲಿಲ್ಲ. ಅದು ನನ್ನ ಹೆಮ್ಮೆ. ಅಂಕದಕ್ಕ ನನ್ನ ಮುಂದೂ ಒಂದು ಲೋಟ ನೀರು ಇಟ್ಟಳು. ದರ್ಜಿಗೆ ಮೂರು ಪಟ ಹಿಡಿದು ನೋಡಿದೆ. ಮೇಲಿನ ದೊಡ್ಡ ಅಕ್ಷರವೂ ಅವರಿಗೆ ಕಾಣುತ್ತಿರಲಿಲ್ಲ. ಹಳೆಯದನ್ನು ಹೊಡೆದುಹಾಕಿ, ತಪ್ಪು ನನ್ನದೆಂದು ಬರೆದು ರುಜು ಹಾಕಿದೆ. ಹದಿಮೂರು ಅಂಕ. ಐದಕ್ಕೆ ಹತ್ತು ನಿಮಿಷವಿತ್ತು.

ಪಟ್ಟಿ ಹೋಯಿತು, ಬೀಗದ ಕೈ ಬಂತು. ದರ್ಜಿ ಮೇಲೇಳಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತಮ್ಮ?"

ಅವಳು ಗುಂಡಿಯ ವಿಷಯ ಹೇಳಿದಳು. ಮುದುಕರು ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟರು. "ಕಪ್ಪು ಅಂದ್ಕೊಂಡೇ ಹಾಕಿದ್ದೆ. ಸರಿಮಾಡಿ ಕೊಡ್ತೀರಾ? ಹೊಸ ಜಾಗಕ್ಕೆ ಹೀಗೆ ಹೋಗೋಕಾಗಲ್ಲ."

ಕಪಾಟಿನಿಂದ ಸೂಜಿ, ಕಪ್ಪು ದಾರ ತಂದು ಅಂಕದಕ್ಕ ಹೊಲಿದಳು. ಅವರು ಹೆಬ್ಬೆರಳಿನಿಂದ ತಡವಿ ನೋಡಿದರು.

"ಸಡಿಲ ಆಯ್ತು. ಬಿಚ್ಚಿ."

ಅವಳು ಬಿಚ್ಚಿದಳು. ಎರಡನೆಯ ಸಲವೂ ಬಿಚ್ಚಿಸಿದರು. ಮೂರನೆಯ ಸಲ ಹಾಕಿದ ಮೇಲೆ ಕೋಟು ತೊಟ್ಟು, ಗುಂಡಿ ಹಾಕಿಕೊಂಡು, ಎದೆಯ ಮೇಲಿನ ಬಟ್ಟೆಯನ್ನು ಅಂಗೈಯಿಂದ ನೇವರಿಸಿದರು.

"ಈಗ ನಾನು ದರ್ಜಿ ಅಂತ ಹೇಳ್ಕೋಬಹುದು" ಎಂದರು.