ಸಂಜೀವ ಮಾವನ ಅನ್ನದಾನ

ಎರಡು ವರ್ಷದ ಹಿಂದೆ, ನಮ್ಮ ಮಗಳು ಅನುಷಾಳ ನಿಶ್ಚಿತಾರ್ಥದ ಮರುದಿನ ನಡೆದದ್ದು ಇದು. ದೀಪಾವಳಿ ಕಳೆದಿದ್ದರೂ ಮಳೆಗಾಲ ಪೂರ್ತಿ ಹೋಗಿರಲಿಲ್ಲ. ವಾರದಿಂದ ಮೋಡ ಮುಚ್ಚಿಕೊಂಡೇ ಇತ್ತು. ಚಪ್ಪರ ಒದ್ದೆಯಾಗದಿರಲಿ ಎಂದು ಮನೆಯವರೆಲ್ಲ ದೇವರಿಗೆ ಕೈಮುಗಿಯುತ್ತಿದ್ದರೆ, ನಾನು ಮಾತ್ರ ಮೀನುಗಳಿಗಾಗಿ ಬಿಸಿಲು ಬೇಡುತ್ತಿದ್ದೆ.

ವಾಮದಪದವಿನ ಹತ್ತಿರ ನಮ್ಮ ಜಾಗದಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಒಂದು ದೊಡ್ಡ ಹೊಂಡವಿದೆ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯಲ್ಲೂ ಬತ್ತುವುದಿಲ್ಲ. ಸುಮ್ಮನೆ ಬಿಡುವುದೇಕೆ ಎಂದು ಕಾಟ್ಲ, ರೋಹು ಮೀನಿನ ಮರಿಗಳನ್ನು ತಂದು ಬಿಟ್ಟೆವು. ಮೊದಲ ವರ್ಷ ಅಷ್ಟೂ ಸತ್ತವು. ಆಮೇಲೆ ನಾನೇ ಒಂದು ತರಬೇತಿಗೆ ಹೋಗಿ ಕಲಿತೆ. ಕೆಂಪುಕಲ್ಲಿನ ಹೊಂಡದ ನೀರಿಗೆ ಹುಳಿ ಜಾಸ್ತಿಯಂತೆ. ಸುಣ್ಣ ಕಲಸಿ ಹಾಕಿ ಅದನ್ನು ಸರಿಮಾಡಬೇಕು. ನೀರು ತಿಳಿಯಾಗಿದ್ದರೂ ಆಗದು, ತೀರಾ ಹಸಿರಾದರೂ ಆಗದು. ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಮಸುಕಾಗಿ ಕಂಡರೆ ಸರಿ. ಹೀಗೆ ದಿನಾ ಕೈ ಮುಳುಗಿಸಿ, ಬಣ್ಣ ಬದಲಾಗುವ ಕಾಗದದ ಪಟ್ಟಿ ಅದ್ದಿ ಹುಳಿ ನೋಡಿ, ಎರಡನೆಯ ಸಲದ ಮರಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದೆ. ಆ ಹೊತ್ತಿಗೆ ಕೆಲವು ಕಾಟ್ಲಗಳು ಎರಡು ಕೈಯಲ್ಲೂ ಹಿಡಿಯಲಾಗದಷ್ಟು ದಪ್ಪಗಾಗಿದ್ದವು.

ಆದರೆ ಈ ಹೊಂಡದ ವಿಷಯದಲ್ಲಿ ನನಗೆ ಬುದ್ಧಿ ಹೇಳದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ಒಬ್ಬರಿಗೆ ನೀರಿಗೆ ಹಾಕಿದ ಸೆಗಣಿಗೊಬ್ಬರ ಸಾಲದೆಂದು ಕಾಣುತ್ತದೆ, ಇನ್ನೊಬ್ಬರಿಗೆ ಮೀನು ಬಡಕಲಾಗಿ ಕಾಣುತ್ತದೆ. ಇವರೆಲ್ಲರಿಗಿಂತ ಮುಂದೆ ನನ್ನ ಗಂಡನ ಸೋದರಮಾವ ಸಂಜೀವ ಮಾವ. ಹುಬ್ಬಳ್ಳಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಈಗ ಬೆಳ್ತಂಗಡಿಯಲ್ಲಿ ನೆಲೆಸಿದ್ದಾರೆ. ಒಳ್ಳೆಯ ಮನುಷ್ಯ. ಆದರೆ ಯಾರದ್ದಾದರೂ ಹೊಟ್ಟೆ ತುಂಬಿದೆ ಎಂದರೆ ಅವರು ನಂಬುವುದಿಲ್ಲ. ನಿಶ್ಚಿತಾರ್ಥಕ್ಕೆ ಬಂದ ಮಾವ ನಾನು ಪಟ್ಟಿ ಅದ್ದುವುದನ್ನು ನೋಡಿ ಎಲ್ಲರೆದುರೇ ನಕ್ಕರು.

"ಎಂತ ಶಶಿ, ನೇತ್ರಾವತಿಯ ಮೀನಿಗೆ ಯಾರು ಮಾರಾಯ್ತಿ ಹೀಗೆ ಪರೀಕ್ಷೆ ಮಾಡುದು? ಅವು ಬೆಳೆಯುದಿಲ್ವಾ?"

"ಅದು ಹರಿಯುವ ನೀರು ಮಾವ. ಇದು ನಿಂತ ನೀರು. ಮೋಡ ಇದ್ದರೆ ನೀರಲ್ಲಿ ಗಾಳಿ ಕಡಿಮೆ, ಹಾಗಾಗಿ ಇವತ್ತು ತಿಂಡಿ ಕೂಡ ಹಾಕ್ಲಿಲ್ಲ."

"ಮನೆಯಲ್ಲಿ ಶುಭಕಾರ್ಯ ಇಟ್ಟುಕೊಂಡು ಮೀನನ್ನು ಉಪವಾಸ ಹಾಕಿದ್ದೀಯಾ?" ಎಂದು ಅವರು ನಿಜಕ್ಕೂ ನೊಂದುಕೊಂಡರು. ಹುಡುಗನ ಕಡೆಯವರು ಬಂದ ಗಡಿಬಿಡಿಯಲ್ಲಿ ಆ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಮರುದಿನ ಬೆಳಿಗ್ಗೆ ನನ್ನ ಗಂಡ ಬಾಡಿಗೆಗೆ ತಂದ ಪಾತ್ರೆಗಳನ್ನು ಹಿಂದಿರುಗಿಸಲು ಬಂಟ್ವಾಳಕ್ಕೆ ಹೋಗಿದ್ದರು. ಉಳಿದುಕೊಂಡ ನೆಂಟರಿಗೆ ನಾನು ಚಹಾ ಕೊಡುತ್ತಿದ್ದೆ. ಆಗ ಹೊಂಡದ ಕಡೆಯಿಂದ ಮಾವನ ಸಂಭ್ರಮದ ಕೂಗು ಕೇಳಿಸಿತು. "ಎಲ್ಲರೂ ಬನ್ನಿ! ಮೀನುಗಳೆಲ್ಲ ಮೇಲೆ ಬಂದು ಮಾತಾಡಿಸ್ತಾ ಉಂಟು!"

ಚಹಾದ ತಟ್ಟೆಯನ್ನು ಅಲ್ಲೇ ಇಟ್ಟೆ. ಓಡಿ ಹೋಗಿ ನೋಡಿದರೆ ಹೊಂಡದ ತುಂಬ ಬಾಯಿಗಳು. ನನ್ನ ಮೀನುಗಳೆಲ್ಲ ನೀರಿನ ಮೇಲೆ ಬಾಯಿ ಚಾಚಿ ಗಾಳಿ ಗುಟುಕರಿಸುತ್ತಿದ್ದವು. ನೀರು ಬೂದುಬಣ್ಣಕ್ಕೆ ತಿರುಗಿತ್ತು, ಹುಳಿಹಿಡಿದ ವಾಸನೆ ಬರುತ್ತಿತ್ತು. ಅಂಚಿನಲ್ಲಿ ಅನ್ನದ ಅಗುಳು, ಗೋಡಂಬಿ ಚೂರು. ಮಾವ ಅಲ್ಲಿ ನಿಂತು ಮುಖದ ತುಂಬ ನಗು ತುಂಬಿಕೊಂಡು ಇಡ್ಲಿ ಮುರಿದು ಹಾಕುತ್ತಿದ್ದರು.

"ನೋಡು, ಎಷ್ಟು ಹಸಿವಾಗಿದೆ ಪಾಪ! ನಿನ್ನೆ ಸಂಜೆ ಉಳಿದ ಅನ್ನ, ಪಾಯಸ ಎಲ್ಲ ಹಾಕಿದ್ದೆ. ಸಾಕಾಗ್ಲಿಲ್ಲ ಕಾಣ್ತದೆ."

ಹಿರಿಯರ ಮೇಲೆ ನಾನು ಅದುವರೆಗೆ ಸ್ವರ ಎತ್ತಿದವಳಲ್ಲ. ಅಂದು ಕಿರುಚಿದೆ. "ಮಾವ, ಅದು ಹಸಿವಲ್ಲ! ಉಸಿರು ಕಟ್ಟಿ ಸಾಯ್ತಾ ಇವೆ! ಆ ಇಡ್ಲಿ ಆಚೆ ಇಡಿ!"

ಅವರ ಕೈ ಗಾಳಿಯಲ್ಲೇ ನಿಂತಿತು. ನಾನು ನೀರು ಚಿಮ್ಮಿಸುವ ಏರೇಟರ್ ಯಂತ್ರದ ಸ್ವಿಚ್ ಹಾಕಲು ಓಡಿದೆ. ಕರೆಂಟು ಇರಲಿಲ್ಲ. ಲೈನ್‌ಮ್ಯಾನಿಗೆ ಫೋನ್ ಮಾಡಿದರೆ, "ತಂತಿಯ ಮೇಲೆ ಮರ ಬಿದ್ದಿದೆ ಅಕ್ಕ, ಮಧ್ಯಾಹ್ನ ಆಗ್ತದೆ" ಎಂದ. ಗಂಡನಿಗೆ ಮಾಡಿದರೆ ಎತ್ತಲಿಲ್ಲ. ಕೊನೆಗೆ ಗಿಡಗಳ ನರ್ಸರಿ ಇಟ್ಟುಕೊಂಡಿರುವ ಪಕ್ಕದ ಹಮೀದ್‌ಗೆ ಫೋನ್ ಮಾಡಿ ಡೀಸೆಲ್ ಪಂಪು ಕೇಳಿದೆ. "ಗಾಡಿಗೆ ಹಾಕಿ ತರ್ತೇನೆ ಶಶಿಯಕ್ಕ" ಎಂದರು.

ಅಷ್ಟರಲ್ಲಿ ನೆಂಟರೆಲ್ಲ ಹೊಂಡದ ಸುತ್ತ ಸೇರಿದ್ದರು. ಒಬ್ಬರು ಅರಶಿನ ಹಾಕುವ ಎಂದರು. ಇನ್ನೊಬ್ಬರು ಆಗಲೇ ಸುಣ್ಣದ ಗೋಣಿಯ ಬಾಯಿ ಬಿಚ್ಚುತ್ತಿದ್ದರು. ಒಮ್ಮೆಲೇ ಸುರಿದರೆ ಉಳಿದವೂ ಸಾಯುತ್ತವೆಂದು ಅದನ್ನು ಕಸಿದುಕೊಂಡೆ. ಮೂಡುಬಿದಿರೆಯಿಂದ ಬಂದಿದ್ದ ನನ್ನ ನಾದಿನಿ ವಿಡಿಯೋ ತೆಗೆಯುತ್ತ, "ಅತ್ತಿಗೆ, ಸ್ವಲ್ಪ ಬದಿಗೆ ಬನ್ನಿ, ಮೀನು ಕಾಣುದಿಲ್ಲ" ಎಂದಳು. ದೊಡ್ಡ ಕಾಟ್ಲವೊಂದು ಆಗಲೇ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

"ಏನು ಮಾಡ್ಬೇಕು ಹೇಳು" ಎಂದು ಪಕ್ಕದಲ್ಲಿ ಯಾರೋ ಮೆಲ್ಲನೆ ಕೇಳಿದರು. ನೋಡಿದರೆ ಸಂಜೀವ ಮಾವ. ಮುಖ ಕಪ್ಪಿಟ್ಟಿತ್ತು.

"ನೀರಿಗೆ ಗಾಳಿ ಸೇರ್ಬೇಕು ಮಾವ. ಎತ್ತಿ ಮೇಲಿಂದ ಹೊಯ್ಯಬೇಕು, ಬಡಿಯಬೇಕು, ಪಂಪು ಬರುವವರೆಗೆ ನಿಲ್ಲಿಸ್ಬಾರ್ದು."

"ಚಹಾ ಎತ್ತಿ ಹೊಯ್ದ ಹಾಗಾ?"

"ಹಾಗೇ."

ಅವರು ಪಂಚೆ ಎತ್ತಿ ಕಟ್ಟಿ, ಕಲ್ಲು ಕಡಿದಾಗ ಉಳಿದ ಮೆಟ್ಟಿಲಿನಲ್ಲಿ ಇಳಿದು ಸೊಂಟದ ಮಟ್ಟದ ನೀರಿನಲ್ಲಿ ನಿಂತರು. ನಿಂತಲ್ಲಿಂದಲೇ ಹೋಟೆಲಿನ ಗಂಟಲು ತೆಗೆದರು. "ಬಕೀಟು ತನ್ನಿ! ಕೊಡಪಾನ ತನ್ನಿ! ನೀನು ಆ ಬದಿಗೆ, ನೀನು ಈ ಮೂಲೆಗೆ! ಏ, ಫೋನ್ ಒಳಗಿಡು!" ನೆಂಟರೆಲ್ಲ ಮೆಟ್ಟಿಲುಗಳಲ್ಲಿ ಸಾಲಾಗಿ ನಿಂತು ನೀರು ಎತ್ತಿ ಎತ್ತಿ ಹೊಯ್ದರು. ನಾದಿನಿ ಹೊಸ ಚೂಡಿದಾರದಲ್ಲೇ ಇಳಿದು ತಟ್ಟೆಯಿಂದ ನೀರು ಬಡಿದಳು. ಮದುಮಗಳಾಗುವ ಅನುಷಾ ಮೆಹಂದಿಯ ಕೈಯಲ್ಲಿ ಬಲೆ ಹಿಡಿದು ತೇಲುವ ಅನ್ನ ತೆಗೆದಳು. ನಾನು ಸತ್ತ ಮೀನುಗಳನ್ನು ಎತ್ತಿ ದಡಕ್ಕೆ ಹಾಕುತ್ತಿದ್ದೆ. ದೊಡ್ಡವೇ ಮೊದಲು ಸಾಯುತ್ತಿದ್ದವು. ಒಂದೊಂದನ್ನು ಎತ್ತುವಾಗಲೂ ಮಾವ ತಿರುಗಿ ನೋಡುತ್ತಿದ್ದರು.

ಹಮೀದ್ ಪಂಪು ತಂದು, ಬಾವಿಯ ನೀರನ್ನು ಪೈಪಿನಲ್ಲಿ ಮೇಲಿನ ಕಲ್ಲಿನ ಅಂಚಿಗೆ ಬಡಿದು ಹೊಂಡಕ್ಕೆ ಬೀಳುವಂತೆ ಮಾಡಿದರು. ನೀರು ಬೀಳುವ ಜಾಗಕ್ಕೆ ಮೀನುಗಳು ಒಂದನ್ನೊಂದು ತಳ್ಳಿಕೊಂಡು ಬಂದವು. ಬಹಳ ಹೊತ್ತಿನ ಮೇಲೆ ಮೋಡ ಸರಿದು ಸ್ವಲ್ಪ ಬಿಸಿಲು ಬಂತು. ಬಾಯಿಗಳು ಒಂದೊಂದಾಗಿ ನೀರಿನೊಳಗೆ ಹೋದವು. ಆಮೇಲೆಯೇ ನಾನು ನೆಲದ ಮೇಲೆ ಕುಳಿತದ್ದು.

ಮುಕ್ಕಾಲು ಭಾಗ ಮೀನು ಉಳಿಯಿತು. ದಪ್ಪ ಕಾಟ್ಲಗಳು ಮಾತ್ರ ಒಂದೂ ಉಳಿಯಲಿಲ್ಲ. ಅವುಗಳನ್ನು ತೆಂಗಿನ ಬುಡದಲ್ಲಿ ಹೂಳಿದೆವು. ಮಾವ ಅಂದು ಮಧ್ಯಾಹ್ನವೇ ಬೆಳ್ತಂಗಡಿಗೆ ಹೊರಟರು. ತಪ್ಪಾಯಿತು ಎಂದು ಹೇಳಲಿಲ್ಲ. ಹೋಗುವಾಗ, "ಆ ಯಂತ್ರಕ್ಕೆ ಒಂದು ಜನರೇಟರ್ ಇಟ್ಟುಕೊಳ್ಳಿ. ಕರೆಂಟನ್ನು ನಂಬ್ಲಿಕ್ಕಾಗುದಿಲ್ಲ" ಎಂದು ನನಗೇ ಬುದ್ಧಿ ಹೇಳಿದರು! ನಾನು ಒಳಗೆ ಹೋದೆ.

ಕಳೆದ ವರ್ಷ ಮೂಡುಬಿದಿರೆಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ನಮ್ಮ ಹಿಂದಿನ ಸಾಲಿನಲ್ಲಿ ಸಂಜೀವ ಮಾವ ಯಾರಿಗೋ ಕಥೆ ಹೇಳುತ್ತಿದ್ದರು. "ನಮ್ಮ ಶಶಿಯ ಹೊಂಡಕ್ಕೆ ಯಾರೋ ತಲೆ ಇಲ್ಲದವರು ಅನ್ನ ಸುರಿದಿದ್ದರು. ನಾನೇ ನೀರಿಗಿಳಿದು ಮೀನು ಉಳಿಸಿದ್ದು." ನನಗೆ ಮೈಯೆಲ್ಲ ಉರಿದುಹೋಯಿತು. ಆ ತಲೆ ಇಲ್ಲದವರು ಯಾರು ಎಂದು ಎಲ್ಲರೆದುರೇ ಕೇಳಿಬಿಡಬೇಕೆಂದು ಎದ್ದೆ. ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ, ನಮ್ಮ ಮಾಮಿ, ನನ್ನ ಸೆರಗು ಹಿಡಿದು ಕೂರಿಸಿದರು.

"ಬಿಡು ಶಶಿ" ಎಂದು ಮೆಲ್ಲನೆ ಹೇಳಿದರು. "ಅವತ್ತಿನಿಂದ ಅವರು ಮೀನು ಮುಟ್ಲಿಲ್ಲ. ಕೇಳಿದರೆ ಡಾಕ್ಟರ್ ಬೇಡ ಹೇಳಿದ್ದಾರೆ ಅಂತ ಹೇಳ್ತಾರೆ. ಯಾವ ಡಾಕ್ಟರೂ ಹೇಳ್ಲಿಲ್ಲ."

ದಿನಕ್ಕೆ ಎರಡು ಹೊತ್ತು ಮೀನಿಲ್ಲದೆ ಊಟಕ್ಕೆ ಕೂರದ ಮನುಷ್ಯ ಅವರು.

ಸಿಟ್ಟು ಹೋಯಿತೇ ಎಂದರೆ, ಇಲ್ಲ. ಆ ಕಾಟ್ಲಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಅಂದು ನಾನು ಮತ್ತೆ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಮಾವನ ಮಾತು ಮುಂದುವರಿದಿತ್ತು. "ಮೋಡ ಇದ್ದ ದಿನ ಮೀನಿಗೆ ಏನೂ ಹಾಕ್ಬಾರ್ದು. ಬೆಳಗಾಗುವಾಗ ನೀರಲ್ಲಿ ಉಸಿರು ಕಡಿಮೆ ಇರ್ತದೆ. ಬಾಯಿ ಮೇಲೆ ಮಾಡಿದರೆ ಹಸಿವು ಅಂತ ತಿಳ್ಕೊಳ್ಬೇಡಿ."

ಕಿವಿಗೊಟ್ಟು ಕೇಳಿದೆ. ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.