ವಿಂಡೋಸಿನ ಮಗ್ಗುಲಲ್ಲಿ ಒಂದು ಲಿನಕ್ಸ್

ಬಾದಾಮಿಯ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ. ಮನೆಗೆ ಬಂದ ಅತಿಥಿಯಿಂದ ಯಾರೂ ವರ್ಷಾವರ್ಷ ಅರ್ಜಿ ಹಾಕಿಸಿಕೊಳ್ಳುವುದಿಲ್ಲ. ನನ್ನ ಪಕ್ಕದ ಕುರ್ಚಿ ಇತಿಹಾಸದ ಅಕ್ಕೋರದು. ಅವರೂ ಅತಿಥಿಯೇ, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಪಟ್ಟದಕಲ್ಲಿನಿಂದ ದಿನಾ ಬಸ್ಸಿಗೆ ಬಂದು ಹೋಗುವವರು. ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿ, ಐದು ವರ್ಷ ಗುಡೂರು, ರಾಮಥಾಳ ಅಂತ ಸಿಕ್ಕ ಸಿಕ್ಕ ಹೊಲದ ಬದುವಿನಲ್ಲಿ ಮುಳ್ಳು ತುಳಿದು ವೀರಗಲ್ಲುಗಳನ್ನು ಬರೆದುಕೊಂಡು ಬಂದಿದ್ದರು. ಆ ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸಲು ತಿಂಗಳೊಪ್ಪತ್ತು ಉಳಿದಿತ್ತು. ಒಮ್ಮೆ ಅವಧಿ ಮುಂದಕ್ಕೆ ಹಾಕಿಸಿಕೊಂಡಾಗಿತ್ತು, ಇನ್ನೊಮ್ಮೆ ಸಿಗುತ್ತಿರಲಿಲ್ಲ. ಸಲ್ಲಿಸಿದರೆ ಮುಂದಿನ ವರ್ಷವೂ ಆ ಕುರ್ಚಿ ಅವರದು. ಇಲ್ಲವಾದರೆ ಡಾಕ್ಟರೇಟ್ ಹಿಡಿದುಕೊಂಡ ಎಳೆಯರು ಬಾಗಿಲಲ್ಲಿ ಸಾಲುಗಟ್ಟಿದ್ದರು.

ಅವರ ಲ್ಯಾಪ್‌ಟಾಪು ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ದುಡಿದು ಸುಸ್ತಾಗಿ, ಅವರ ಗಂಡನ ಕೈಗೆ ಬಂದದ್ದು. ಮೊದಲ ಪಿರಿಯಡ್ಡಿನ ಗಂಟೆಗೆ ಚಾಲೂ ಮಾಡಿದರೆ ಎರಡನೆಯದರ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಅದರ ಮೇಲೆ, ಹಳೇ ವಿಂಡೋಸಿಗೆ ಇನ್ನು ಬೆಂಬಲವಿಲ್ಲ, ಹೊಸದು ಈ ಯಂತ್ರದ ಮೇಲೆ ಕೂರುವುದಿಲ್ಲ ಎಂಬ ಸೂಚನೆ ಬರತೊಡಗಿದಾಗ ಅಕ್ಕೋರು ನಿಜಕ್ಕೂ ಹೆದರಿದರು.

“ತಂಗಿ, ಇದರಾಗ ನನ್ನ ಐದು ವರ್ಷ ಐತಿ. ಏನರ ಮಾಡು” ಅಂದರು.

ಮಾಡಿದೆ. ಕಂಪ್ಯೂಟರಿನ ವಿಷಯದಲ್ಲಿ ಆ ಕಾಲೇಜಿಗೆ ನಾನು ಊರಿಗೊಬ್ಬಳೇ ಪದ್ಮಾವತಿ. ಒಂದು ವಾರ ಅವರಿಗೆ ಪಾಠ ಹೇಳಿದೆ. ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸುವ, ಪುಕ್ಕಟೆ ಸಿಗುವ ಲಿನಕ್ಸ್ ಅಂದರೆ ಒಂದೇ ಅಲ್ಲ, ರೊಟ್ಟಿಯಲ್ಲಿ ಬಿಸಿರೊಟ್ಟಿ, ಕಟಕರೊಟ್ಟಿ, ಸಜ್ಜಿರೊಟ್ಟಿ ಇದ್ದ ಹಾಗೆ ಹತ್ತಾರು ಬಗೆ. ಉಬುಂಟು ಎಲ್ಲರಿಗೂ ಗೊತ್ತು, ಆದರೆ ನಾಲ್ಕು ಜಿಬಿ ರ‍್ಯಾಮಿನ ಮುದುಕನಿಗೆ ಹೊರೆ. ಝೋರಿನ್ ನೋಡಲು ಚೆಂದ. ಮಿಂಟ್‌ನಲ್ಲಿ ಒಂದು ಹಗುರ ಆವೃತ್ತಿ ಇದೆ, ಮೆನು ಎಡಗಡೆ ಕೆಳಗೇ ಇರುತ್ತದೆ, ಹೊಸಬರ ಕೈ ತಡವರಿಸುವುದಿಲ್ಲ. ಒಂದೊಂದನ್ನೂ ಪೆನ್ ಡ್ರೈವಿನಿಂದಲೇ ಓಡಿಸಿ ತೋರಿಸಿದೆ. ಅವರು ಹೊಸ ಸೀರೆ ಮುಟ್ಟುವ ಹಾಗೆ ಮೌಸ್ ಆಡಿಸಿ ನೋಡಿ ಮಿಂಟ್ ಆರಿಸಿದರು.

“ವಿಂಡೋಸ್ ಹಂಗ ಇರ್ತೈತಲ್ಲಾ?” ಎಂದು ಅವರು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದರು.

“ಒಂದ ಮನ್ಯಾಗ ಎರಡು ಒಲಿ ಹೂಡಿದಂಗ್ರಿ ಅಕ್ಕೋರ. ಯಾವುದ ಬೇಕೋ ಅದನ್ನ ಹಚ್ಚಿಕೊಳ್ರಿ” ಎಂದು ನಾನು ನಾಲ್ಕು ಸಲವೂ ಹೇಳುತ್ತಿದ್ದೆ.

ಇಷ್ಟು ಓದಿ ನನ್ನನ್ನು ಒಳ್ಳೆಯವಳು ಅಂದುಕೊಳ್ಳಬೇಡಿ. ಆ ವರ್ಷದ ಶುರುವಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದಾಗ, ಅಕ್ಕೋರು ನನ್ನ ತಟ್ಟೆಗೆ ಶೇಂಗಾ ಚಟ್ನಿ ಹಾಕುತ್ತ, “ಪಾಪ, ಇದಕ್ಕ ಮದುವಿನೂ ಆಗ್ಲಿಲ್ಲ, ಪರ್ಮನೆಂಟೂ ಆಗ್ಲಿಲ್ಲ” ಅಂದಿದ್ದರು. ಕರುಣೆಯಿಂದಲೇ ಅಂದದ್ದು. ಇಂಗ್ಲಿಷಿನ ಸರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಬೈದಿದ್ದರೆ ತಿರುಗಿ ಬೈದು ಮರೆಯುತ್ತಿದ್ದೆ. ಕನಿಕರಕ್ಕೆ ಏನು ತಿರುಗಿ ಕೊಡಲಿ? ಆ ಚಟ್ನಿಯನ್ನು ತಿಂದೆ, ಆ ಮಾತನ್ನು ಇಟ್ಟುಕೊಂಡೆ.

ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಕೆಲಸ ಮುಗಿಸಿದೆ. ಮೊದಲು ಪ್ರಬಂಧದ ಪ್ರತಿಯನ್ನು ಅವರ ಪೆನ್ ಡ್ರೈವಿಗೆ ತೆಗೆಸಿದೆ. ವಿಂಡೋಸಿನ ಜಾಗ ಕಿರಿದು ಮಾಡಿ, ಉಳಿದುದರಲ್ಲಿ ಮಿಂಟ್ ಹಾಕಿದೆ. ಎರಡೂ ಸರಿಯಾಗಿ ಎದ್ದವು. ಹಳೇ ಫೈಲುಗಳು ಹೊಸದರಲ್ಲಿ ಎಲ್ಲಿ ಸಿಗುತ್ತವೆಂದೂ ತೋರಿಸಿದೆ. ಕೆಲಸದಲ್ಲಿ ನಾನು ಕಳ್ಳತನ ಮಾಡಲಿಲ್ಲ, ಅದೊಂದನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದು.

ಸೋಮವಾರ ಬೆಳಿಗ್ಗೆ ಅಕ್ಕೋರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಸ್ಟಾಫ್ ರೂಮಿಗೆ ಬಂದರು. ಮುಖ ಬಿಳಿಚಿತ್ತು. ಹೊಸ ಮಿಂಟ್‌ನಲ್ಲಿ ಪ್ರಬಂಧ ತೆರೆದಿದ್ದರು. ಕನ್ನಡದ ಒಂದಕ್ಷರ ಇರಲಿಲ್ಲ. ಟೊಪ್ಪಿಗೆ ಹಾಕಿದ ಎ, ಬಾಲ ಬಿಟ್ಟ ಸಿ, ನಡುನಡುವೆ ಪೌಂಡಿನ ಗುರುತು, ಹೀಗೆ ಪುಟದ ಮೇಲೆ ಪುಟ. ಪೆನ್ ಡ್ರೈವಿನ ಪ್ರತಿಯೂ ಹಾಗೇ ಇದೆ ಅಂದರು.

ಒಂದೇ ನೋಟಕ್ಕೆ ನನಗೆ ತಿಳಿಯಿತು. ನಮ್ಮಲ್ಲಿ ಒಂದು ತಲೆಮಾರಿನವರೆಲ್ಲ ಟೈಪಿಂಗ್ ಕಲಿತದ್ದು ಹಳೇ ನುಡಿ ಫಾಂಟಿನಲ್ಲಿ. ಅದು ಎಲ್ಲ ಯಂತ್ರಗಳಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ಆ ಫಾಂಟು ಇಲ್ಲದ ಕಡೆ ಅದರಲ್ಲಿ ಬರೆದದ್ದೆಲ್ಲ ಹೀಗೇ ಕಾಣುತ್ತದೆ. ಫೈಲಿಗೆ ಏನೂ ಆಗಿರುವುದಿಲ್ಲ. ವಿಂಡೋಸಿನಿಂದ ಫಾಂಟನ್ನು ತಂದು ಇಲ್ಲಿ ಹಾಕಿದರೆ ಮುಗಿಯಿತು. ಐದು ನಿಮಿಷದ ಕೆಲಸ.

ನಾನು ಮುಖ ಗಂಭೀರ ಮಾಡಿಕೊಂಡು, “ಅಕ್ಕೋರ, ಏನ್ ಒತ್ತಿದ್ರಿ?” ಅಂದೆ.

“ನಾ ಏನೂ ಒತ್ತಿಲ್ಲವ್ವಾ.”

“ಏನರ ಒತ್ತಿರ್ಲೇಬೇಕ್ರಿ. ಇನ್ನ ಏನೂ ಮುಟ್ಟಬ್ಯಾಡ್ರಿ, ವಿಂಡೋಸೂ ತಗೀಬ್ಯಾಡ್ರಿ, ಹಂಗ ಮುಚ್ಚಿಡ್ರಿ.”

ಇಂಗ್ಲಿಷಿನ ಸರ್ ಬಗ್ಗಿ ನೋಡಿ, “ಬ್ರಾಹ್ಮಿ ಲಿಪಿ ಇದ್ದಂಗೈತ್ರಿ ಮೇಡಮ್. ಇತಿಹಾಸದವ್ರು, ನೀವ ಓದಬೇಕು” ಅಂದರು. ರೂಮಿನಲ್ಲಿದ್ದವರೆಲ್ಲ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಕ್ಕೋರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಗ ನನಗಾದದ್ದು ಸಂತೋಷ. ಬೇರೆ ಹೆಸರು ಕೊಡಲಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಬೆಕ್ಕಿನ ಸುಖವನ್ನು ನಾನು ಉಂಡಿದ್ದೇನೆ.

ಊಟದ ಹೊತ್ತಿಗೆ ಹೇಳಬೇಕೆಂದಿದ್ದೆ, ಅದೂ ಎಲ್ಲರ ಎದುರಿಗೆ, ಐದು ನಿಮಿಷದಲ್ಲಿ ಅಕ್ಷರ ಮೂಡಿಸಿ ಭೇಷ್ ಅನ್ನಿಸಿಕೊಂಡು. ಊಟದ ಹೊತ್ತಿಗೆ ಅವರ ಕುರ್ಚಿ ಖಾಲಿ. ಅರ್ಧ ದಿನ ರಜೆ ಬರೆದಿಟ್ಟು ಹೋದರು ಅಂದರು. ಮನೆಗೆ ಹೋಗಿ ಅಳುತ್ತಿರಬೇಕು ಅಂದುಕೊಂಡೆ. ಫೋನ್ ಕೈಯಲ್ಲೇ ಇತ್ತು. ನಾಳೆ ಬರುತ್ತಾರಲ್ಲ, ಇನ್ನೊಂದಿಷ್ಟು ಬೇಯಲಿ ಎಂದು ಡಬ್ಬಿ ಬಿಚ್ಚಿದೆ.

ಅವರು ಮನೆಗೆ ಹೋಗಿರಲಿಲ್ಲ. ಗಂಡನಿಗೆ ಫೋನ್ ಮಾಡಿದ್ದರು. ಗಂಡ, “ಫಾರ್ಮ್ಯಾಟ್ ಹೊಡಸು” ಅಂದಿದ್ದ. ನಮ್ಮ ಸೀಮೆಯಲ್ಲಿ ಕಂಪ್ಯೂಟರಿಗೆ ಏನೇ ಬೇನೆ ಬರಲಿ, ಔಷಧ ಅದೊಂದೇ, ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದು. ಸ್ಲೋ ಆದರೂ ಫಾರ್ಮ್ಯಾಟು, ಸದ್ದು ಬರದಿದ್ದರೂ ಫಾರ್ಮ್ಯಾಟು. ಅಕ್ಕೋರು ಬಾಗಲಕೋಟೆಯ ಬಸ್ಸು ಹತ್ತಿ ಒಂದು ರಿಪೇರಿ ಅಂಗಡಿಗೆ ಹೋದರು. ಅಲ್ಲಿಯವರು ಗುರುತಿಲ್ಲದ ಸ್ಕ್ರೀನು, ಗುರುತಿಲ್ಲದ ಅಕ್ಷರ ನೋಡಿ ವೈರಸ್ ಅಂದರು. ನುಡಿ ಇಲ್ಲದ ತಮ್ಮ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿದಾಗಲೂ ಅದೇ ಕಂಡು, ಅದಕ್ಕೂ ಹಬ್ಬಿದೆ ಅಂದರು. ಬೇಕಾದ್ದೇನಾದರೂ ಇದೆಯೇ ಎಂದು ಕೇಳಿದ್ದರಂತೆ. ಬೇಕಾದ್ದು ಕೆಟ್ಟುಹೋಗಿದೆ, ಎರಡನ್ನೂ ಸ್ವಚ್ಛ ಮಾಡಿಕೊಡಿ ಎಂದು ಅಕ್ಕೋರೇ ಹೇಳಿದರು.

ಮಂಗಳವಾರ ಅವರು ನನಗಿಂತ ಮೊದಲೇ ಬಂದು ಕೂತಿದ್ದರು. ಕಣ್ಣು ಬಾತಿದ್ದವು. ಮೇಜಿನ ಮೇಲೆ ಒರೆಸಿ ಹೊಳೆಯುವ ಲ್ಯಾಪ್‌ಟಾಪು, ಪಕ್ಕದಲ್ಲಿ ಹೊಲಗಳಲ್ಲಿ ಬರೆದುಕೊಂಡ ನೋಟ್‌ಬುಕ್ಕುಗಳು.

“ವೈರಸ್ ಹೊಕ್ಕಿತ್ತಂತವ್ವಾ. ಎಲ್ಲಾ ತಗಸಿಕೊಂಡ ಬಂದೇನಿ. ಮತ್ತ ಮೊದಲಿಂದ ಟೈಪ್ ಹೊಡಿತೇನಿ. ನಿನ್ನ ಲಿನಕ್ಸ್ ಇನ್ನೊಮ್ಮೆ ಹಾಕಿಕೊಡು, ಈ ಸಲ ನಾ ಏನೂ ಒತ್ತಂಗಿಲ್ಲ” ಅಂದರು.

ಮೂರು ದಿನ ಲ್ಯಾಬಿನ ಬಾಗಿಲು ಹಾಕಿಕೊಂಡು ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರುಗಳನ್ನೆಲ್ಲ ಓಡಿಸಿದೆ. ಅಂಗಡಿಯವರು ಮತ್ತೆ ಹಾಕಿದ ಅದೇ ವಿಂಡೋಸು ಹಳೇ ಫೈಲುಗಳ ಜಾಗದ ಮೇಲೇ ಕೂತಿತ್ತು, ಪೆನ್ ಡ್ರೈವನ್ನೂ ಪೂರಾ ಒರೆಸಿದ್ದರು. ಒಂದಿಷ್ಟು ವೀರಗಲ್ಲಿನ ಫೋಟೋ ಸಿಕ್ಕವು, ಯಾರದೋ ಲಗ್ನಪತ್ರಿಕೆ ಸಿಕ್ಕಿತು. ಪ್ರಬಂಧ ಸಿಗಲಿಲ್ಲ. ತನಗಾಗಿ ಊಟ ಬಿಟ್ಟು ಕೂತಳು ಎಂದು ಅಕ್ಕೋರು ಲ್ಯಾಬಿಗೇ ಬುತ್ತಿ ತಂದುಕೊಟ್ಟರು. ಆಗಲೂ ಹೇಳಲಿಲ್ಲ. ಪಾಪಿ ಅನ್ನಿ, ಹೇಡಿ ಅನ್ನಿ, ಎರಡೂ ಸರಿಹೊಂದುತ್ತವೆ.

ಮತ್ತೆ ಮಿಂಟ್ ಹಾಕಿಕೊಟ್ಟೆ, ಈ ಸಲ ಯೂನಿಕೋಡ್ ಕಲಿಸಿದೆ. ಅವರು ಎರಡು ಬೆರಳಲ್ಲಿ ಕುಟ್ಟಿದರು. ಬಿಡುವಿದ್ದಾಗ ನಾನೂ ಕೂತು ಹೊಡೆದುಕೊಟ್ಟೆ. ಆದರೆ ನೋಟ್‌ಬುಕ್ಕಿನಲ್ಲಿದ್ದದ್ದು ಕಲ್ಲುಗಳ ಅಳತೆ, ಊರಿನ ಹೆಸರು. ಅವುಗಳ ಮೇಲೆ ಅವರು ಮಾಡಿದ್ದ ವಿಚಾರವೆಲ್ಲ ಫೈಲಿನಲ್ಲೇ ಇತ್ತು, ಪ್ರಿಂಟು ಇನ್ನೂ ತೆಗೆಸಿರಲಿಲ್ಲ. ಗಡುವಿನ ದಿನ ಮೂರನೇ ಅಧ್ಯಾಯ ಅರ್ಧಕ್ಕಿತ್ತು. ಮುಂದಿನ ವರ್ಷದ ಪಟ್ಟಿ ಬಂದಾಗ ನನ್ನ ಹೆಸರಿತ್ತು, ಅವರದಿರಲಿಲ್ಲ.

ಅನುಭವ ಪ್ರಮಾಣಪತ್ರ ಒಯ್ಯಲು ಅವರು ಒಂದು ದಿನ ಕಾಲೇಜಿಗೆ ಬಂದರು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. “ನೀ ಭಾಳ ಮಾಡಿದಿ ತಂಗಿ, ನಮ್ಮವರೂ ಅಷ್ಟು ಮಾಡ್ಲಿಲ್ಲ” ಎಂದು ನನ್ನ ಕೈ ಹಿಡಿದರು. ಆ ಕೈಯನ್ನು ತಾಳಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ವೈರಸ್ ಇರಲಿಲ್ಲ, ಫೈಲಿಗೆ ಏನೂ ಆಗಿರಲಿಲ್ಲ, ಆ ಸೋಮವಾರ ಬೆಳಿಗ್ಗೆಯೇ ನನಗೆ ಗೊತ್ತಿತ್ತು, ನಿಮ್ಮನ್ನು ಆಡಿಸಬೇಕೆಂದು ಸುಮ್ಮನಿದ್ದೆ.

ಅವರು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ನಾನು ಬೈಗುಳಕ್ಕೆ ಕಾದು ನಿಂತಿದ್ದೆ.

“ಇದನ್ನ ಯಾಕ ಹೇಳಿದಿ?” ಅಂದರು. “ವೈರಸ್ ಬಂತು, ಹೋತು ಅಂತ ನಾ ಸಮಾಧಾನ ಮಾಡಿಕೊಂಡಿದ್ನಿ. ಈಗ ನಿನಗ ಹಗುರಾತು. ನಾ ಇದನ್ನ ತಗೊಂಡ ಮನಿಗೆ ಹೆಂಗ ಹೋಗ್ಲಿ?”

ಪಟ್ಟದಕಲ್ಲಿನ ಬಸ್ಸು ಬಂದು ನಿಂತಿತು. ಅವರು ಹತ್ತಿ, ನಾನಿದ್ದ ಕಡೆಯ ಸೀಟು ಖಾಲಿಯಿದ್ದರೂ ಆಚೆ ಬದಿಗೆ ಹೋಗಿ ಕೂತರು.