ಹಣೆಯ ಮೇಲಿನ ಕೆಂಪು

ನಮಗೆ ಪೆಥಾಲಜಿ ಕಲಿಸಿದ ಮೇಷ್ಟ್ರು ಶವದ ಮುಂದೆ ನಿಂತರೆ ಮೊದಲು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಆಮೇಲೆ ಒಂದೇ ಮಾತು: "ಕಂಡಿದ್ದನ್ನ ಬರೀರಿ. ಅಂದ್ಕೊಂಡಿದ್ದನ್ನಲ್ಲ."

ಸೊರಬದ ಕಾಡುಗಳಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ, ಹಿಂದೆಯೇ ಊರಿನವರಿಗೂ ಜ್ವರ ಹಿಡಿದು ಒಸಡಲ್ಲಿ ರಕ್ತ ಒಸರುತ್ತಿದ್ದ ವರ್ಷ ಅದು. ಕಾರಣ ಹುಡುಕಲು ಹೊರಟ ಮೇಷ್ಟ್ರು ವಿದ್ಯಾರ್ಥಿಗಳಾದ ನಮ್ಮನ್ನೂ ಆಸ್ಪತ್ರೆಯಿಂದ ಕರೆತಂದಿದ್ದರು. ಶಿಕಾರಿಪುರದ ದಾರಿಯ ಖಾಲಿ ಗೋದಾಮೊಂದರಲ್ಲಿ ಮೇಜು ಹಾಕಿ ಮಂಗಗಳನ್ನು ಕೊಯ್ಯುತ್ತಿದ್ದೆವು. ಹೊರಗೆ ನಡುಹಗಲಲ್ಲೂ ಒಂದು ಕೊಂಬೆ ಅಲುಗುತ್ತಿರಲಿಲ್ಲ. ಆಗಾಗ ಏನೋ ಧೊಪ್ಪೆಂದು ಬೀಳುವ ಸದ್ದು, ಅಷ್ಟೇ.

ಒಂದು ದಿನ ಉಳವಿ ಕಡೆಯ ರೈತನೊಬ್ಬ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಂಗನನ್ನು ತಂದು ಮೇಜಿನ ಮೇಲೆ ಮಲಗಿಸಿದ. "ಮಣ್ಣು ಮಾಡಕ್ಕೆ ವಾಪಸ್ ಕೊಡ್ಬೇಕ್ರೀ. ಹನುಮಪ್ಪ ಅದು," ಎಂದ.

ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೆ: ಹಣೆಯಲ್ಲಿ ರಕ್ತಸ್ರಾವ.

ಮೇಷ್ಟ್ರು ಆ ಕೆಂಪನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದರು. ಕುಂಕುಮ. ರೈತನ ಮನೆಯವರು ಹಚ್ಚಿ ಕಳಿಸಿದ್ದು. ಮೇಷ್ಟ್ರು ನಗಲಿಲ್ಲ, ನನ್ನ ಸಾಲನ್ನು ಹೊಡೆದುಹಾಕಿದರು. ಕೊಯ್ದು ಮುಗಿದ ಮೇಲೆ ತಾವೇ ಹೊಲಿಗೆ ಹಾಕಿ, ರೈತನ ಕೈಯಲ್ಲಿ ಹಣೆಗೆ ಮತ್ತೆ ಕುಂಕುಮ ಇಡಿಸಿ ಕಳಿಸಿಕೊಟ್ಟರು.

ಎಂಟು ದಿನದ ನಂತರ ಮೇಷ್ಟ್ರು ಮೇಜಿನ ಅಂಚು ಹಿಡಿದು ನಿಂತಿದ್ದರು. ಕಣ್ಣು ಕೆಂಪಗಿತ್ತು. ಹಲ್ಲಿನ ಸಂದಿಯಲ್ಲೂ ತುಟಿಯ ಮೇಲೂ ಕೆಂಪು.

"ಸರ್, ಎಲೆ ಅಡಿಕೆ ಹಾಕಿದ್ರಾ?" ಎಂದೆ.

"ನಾನು ಎಲೆ ಅಡಿಕೆ ಹಾಕಲ್ಲ ಕಣ್ರೀ."

ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. ನನ್ನ ಪುಸ್ತಕವನ್ನು ನನ್ನತ್ತ ಸರಿಸಿದರು.

"ಕಂಡಿದ್ದನ್ನ ಬರೀರಿ."